ಸೂಜಿ ಚುಚ್ಚೋಕೆ ಅನಾಟಮಿ ಯಾಕೆ ಓದಬೇಕು?

"ಮಾಮಾ, ಸೂಜಿ ಚುಚ್ಚಾಕ ಇಷ್ಟೆಲ್ಲಾ ಯಾಕ ಓದಬೇಕು?" ಅಂತ ಅಕ್ಕಲಕೋಟೆಯಿಂದ ಅಕ್ಕನ ಮಗಳು ಕೇಳಿದಳು. ಬಿಎಸ್ಸಿ ಮುಗಿಸಿದ್ದಾಳೆ, ಅಕ್ಯುಪಂಕ್ಚರ್ ಕೋರ್ಸಿಗೆ ಸೇರಬೇಕು ಅಂತಿದ್ದಾಳೆ. ಸಿಲಬಸ್ ತೆಗೆದು ನೋಡಿದರೆ ನಾಡಿ ಪರೀಕ್ಷೆ, ಯಿನ್-ಯಾಂಗ್, ದೇಹಶಕ್ತಿ ಹರಿಯುವ ದಾರಿಗಳು ಅನ್ನುವ ಮೆರಿಡಿಯನ್‌ಗಳ ಜೊತೆಗೇ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ರೀತಿ), ಪೆಥಾಲಜಿ (ರೋಗಗಳ ಪಾಠ) ಕೂತಿವೆ. ಸಾವಿರಾರು ವರ್ಷದ ಚೀನೀ ವಿದ್ಯೆ ಕಲಿಯೋಕೆ ಹೋದರೆ ಅಲ್ಲೂ ಮೂಳೆಗಳ ಹೆಸರು ಬಾಯಿಪಾಠ ಮಾಡಬೇಕಾ ಅನ್ನೋದು ಅವಳ ಬೇಜಾರು.

ನಾನು ಸೊಲ್ಲಾಪುರದಲ್ಲಿ ಅನಾಟಮಿ ಪಾಠ ಹೇಳುವವನು. ಹಾಗಾಗಿ ನನ್ನ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಆದರೂ ಹೇಳುತ್ತೇನೆ. ಡಾಕ್ಟರುಗಳ ಮುಂದೆ ಮರ್ಯಾದೆ ಸಿಗಲಿ ಅಂತ ಇದನ್ನು ಓದಿಸುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಮರ್ಯಾದೆ ಸಿಕ್ಕರೆ ಸಿಗಲಿ ಬಿಡಿ. ನಿಜವಾದ ಕೆಲಸ ಬೇರೆ ಇದೆ. ಸೂಜಿ ಎಲ್ಲಿ ನಿಲ್ಲಬೇಕು, ಯಾರಿಗೆ ಚುಚ್ಚಲೇಬಾರದು, ಯಾರನ್ನು ಅದೇ ದಿನ ಆಸ್ಪತ್ರೆಗೆ ಕಳಿಸಬೇಕು ಅನ್ನುವುದು ಆ ಪುಸ್ತಕಗಳಿಂದಲೇ ಗೊತ್ತಾಗುವುದು.

ಮೊದಲು ಊರಿನ ಒಂದು ಮಾತು. ಸೊಲ್ಲಾಪುರದಲ್ಲಿ ಅಕ್ಯುಪಂಕ್ಚರ್ ಅಂದ ಕೂಡಲೇ ಯಾರಾದರೂ ಡಾ. ಕೋಟ್ನಿಸರ ಹೆಸರು ತೆಗೆಯುತ್ತಾರೆ. ದ್ವಾರಕಾನಾಥ ಕೋಟ್ನಿಸ್ ನಮ್ಮೂರಲ್ಲೇ 1910ರಲ್ಲಿ ಹುಟ್ಟಿದವರು, ಅವರ ಮನೆ ಈಗ ಸ್ಮಾರಕ. 1938ರಲ್ಲಿ ಚೀನಾಕ್ಕೆ ಹೋದ ಐದು ಜನ ಭಾರತೀಯ ಡಾಕ್ಟರುಗಳಲ್ಲಿ ಒಬ್ಬರು, 1942ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಅವರು ಅಲ್ಲಿ ಮಾಡಿದ್ದು ಯುದ್ಧದಲ್ಲಿ ಗಾಯಗೊಂಡವರ ಆಪರೇಷನ್. ಸೂಜಿ ವಿದ್ಯೆಯನ್ನು ಇಲ್ಲಿಗೆ ತಂದವರು ಅದೇ ತಂಡದ ಇನ್ನೊಬ್ಬ ಡಾಕ್ಟರ್, ಬಿಜೊಯ್ ಕುಮಾರ್ ಬಸು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಕಲಿತು ಬಂದು ಕಲ್ಕತ್ತಾದಲ್ಲಿ ಶುರು ಮಾಡಿದರು. ಅಂದರೆ ನಮ್ಮ ದೇಶದಲ್ಲಿ ಅಕ್ಯುಪಂಕ್ಚರ್ ಬೇರು ಬಿಟ್ಟದ್ದೇ ಅಲೋಪಥಿ ಓದಿದ ಡಾಕ್ಟರರೊಬ್ಬರ ಕೈಯಿಂದ.

ಚೀನಾದಲ್ಲೂ ಕಥೆ ಇಂಥದ್ದೇ. 1929ರಲ್ಲಿ ಅಲ್ಲಿನ ಸರ್ಕಾರ ಹಳೆಯ ಚೀನೀ ವೈದ್ಯವನ್ನೇ ನಿಲ್ಲಿಸಿಬಿಡೋಣ ಅಂತ ಹೊರಟಿತ್ತು. ವೈದ್ಯರು ಬೀದಿಗಿಳಿದು ಗಲಾಟೆ ಮಾಡಿದ ಮೇಲೆ ಅದು ತಣ್ಣಗಾಯಿತು. ಆ ಹೊತ್ತಿಗೆ ಚೆಂಗ್ ದಾನ್‌ಆನ್ ಎಂಬ ವೈದ್ಯ ಒಂದು ದೊಡ್ಡ ಕೆಲಸ ಮಾಡಿದ. ಹೊಸ ಅನಾಟಮಿ ಪುಸ್ತಕಗಳನ್ನು ಇಟ್ಟುಕೊಂಡು ಸೂಜಿ ಚುಚ್ಚುವ ಹಳೆಯ ಪಾಯಿಂಟುಗಳ ಜಾಗ ಮತ್ತೆ ನೋಡಿ, ರಕ್ತನಾಳಗಳಿಂದ ಅವನ್ನು ದೂರ ಸರಿಸಿ ಬರೆದ. ದಪ್ಪ ಸೂಜಿ ಬಿಟ್ಟು ತೆಳು ಸೂಜಿ ಹಿಡಿಯಿರಿ ಅಂದ. 1956ರಲ್ಲಿ ಬೀಜಿಂಗ್, ಶಾಂಘಾಯ್, ಗ್ವಾಂಗ್‌ಜೌ, ಚೆಂಗ್ಡುಗಳಲ್ಲಿ ಸರ್ಕಾರಿ ಚೀನೀ ವೈದ್ಯ ಕಾಲೇಜು ತೆರೆದಾಗ ಪಾಶ್ಚಾತ್ಯ ವೈದ್ಯದ ಪಾಠವೂ ಅಲ್ಲಿತ್ತು. ಹಾಗಾಗಿ "ಅಪ್ಪಟ ಹಳೇ ವಿದ್ಯೆಗೆ ಈಗಿನವರು ಸೈನ್ಸ್ ಬೆರೆಸಿದ್ದಾರೆ" ಅಂತ ಯಾರಾದರೂ ಕೊರಗಿದರೆ ಸುಮ್ನೆ ನಕ್ಕು ಮುಂದೆ ಹೋಗಬಹುದು. ಇವತ್ತು ನಾವು ನೋಡುವ ಕೂದಲೆಳೆ ಸೂಜಿಯೇ ಆ ಬೆರಕೆಯ ಕೂಸು.

ಈಗ ನನ್ನ ಇಷ್ಟದ ವಿಷಯ, ಅನಾಟಮಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನಿಮ್ಮ ಎಡಗೈ ಮುಂದೆ ಚಾಚಿ. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಗ್ಗಿಸಿ. ಮಣಿಕಟ್ಟಿನ ನಡುವೆ ದಾರದ ಹಾಗೆ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಎದ್ದು ಕಾಣುತ್ತದೆ, ಅದರ ಪಕ್ಕ ಹೆಬ್ಬೆರಳ ಕಡೆಗೆ ಇನ್ನೊಂದು. ಈ ಎರಡರ ನಡುವೆ, ಮಣಿಕಟ್ಟಿನ ಗೆರೆಯಿಂದ ಎರಡು ತ್ಸುನ್ ಮೇಲೆ ಇರುವುದು ಪಿಸಿ 6 ಎಂಬ ಪಾಯಿಂಟ್, ಚೀನೀ ಹೆಸರು ನೆಯ್‌ಗ್ವಾನ್. ತ್ಸುನ್ ಅಂದರೆ ಸ್ಕೇಲಿನ ಅಳತೆ ಅಲ್ಲ. ರೋಗಿಯ ಸ್ವಂತ ಹೆಬ್ಬೆರಳ ಗೆಣ್ಣಿನ ಅಗಲ ಒಂದು ತ್ಸುನ್, ಮೊಣಕೈ ಗೆರೆಯಿಂದ ಮಣಿಕಟ್ಟಿನ ಗೆರೆವರೆಗೆ ಹನ್ನೆರಡು. ದಪ್ಪಗಿದ್ದವರಿಗೂ ಸಣ್ಣಗಿದ್ದವರಿಗೂ ಅವರವರ ದೇಹದಲ್ಲೇ ಅಳತೆ ಸಿಗುತ್ತದೆ, ಚೆನ್ನಾಗಿದೆ ಅಲ್ವಾ? ವಾಕರಿಕೆ ತಡೆಯೋಕೆ ಈ ಪಾಯಿಂಟ್ ಪ್ರಸಿದ್ಧ. ಆಪರೇಷನ್ ಆದ ಮೇಲೆ ಬರುವ ವಾಂತಿ-ವಾಕರಿಕೆಗೆ ಇದು ಕೆಲಸ ಮಾಡುತ್ತದೆ ಅನ್ನೋಕೆ ಒಳ್ಳೆಯ ಅಧ್ಯಯನಗಳೂ ಇವೆ.

ಆದರೆ ಆ ಎರಡು ಟೆಂಡನ್‌ಗಳ ಕೆಳಗೇ ಮೀಡಿಯನ್ ನರ ಹಾದುಹೋಗುತ್ತದೆ. ಕೈಯ ಮುಖ್ಯ ನರಗಳಲ್ಲಿ ಒಂದು. ಸೂಜಿ ಸರಿಯಾದ ಕಡೆ ಹೋದಾಗ ಭಾರವಾದ ಹಾಗೆ, ಜಗ್ಗಿದ ಹಾಗೆ ಅನಿಸುತ್ತದೆ. ಅದಕ್ಕೆ ಚೀನಿಯರು ದೆ ಚಿ ಅನ್ನುತ್ತಾರೆ. ಬೆರಳ ತುದಿವರೆಗೆ ಕರೆಂಟ್ ಹೊಡೆದ ಹಾಗಾದರೆ ಮಾತ್ರ ಸೂಜಿ ನರಕ್ಕೆ ತಾಗಿದೆ ಅಂತ ಅರ್ಥ, ಕೂಡಲೇ ಹಿಂದೆ ಎಳೆಯಬೇಕು. ನರ ಎಲ್ಲಿದೆ ಅಂತ ಗೊತ್ತಿಲ್ಲದ ಕಲಿಕೆಯವನು "ಓಹೋ, ಚೆನ್ನಾಗಿ ಹಿಡೀತು" ಅಂತ ಇನ್ನೂ ತಿರುಗಿಸುತ್ತಾನೆ. ಇನ್ನೊಂದು ತಮಾಷೆ ಇದೆ. ಆ ನಡುವಿನ ಟೆಂಡನ್, ಪಾಲ್ಮಾರಿಸ್ ಲಾಂಗಸ್, ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಈಗ ನಿಮ್ಮ ಕೈಯಲ್ಲಿ ಕಾಣಿಸದಿದ್ದರೆ ಗಾಬರಿ ಬೇಡ, ಹಿಡಿತಕ್ಕೇನೂ ತೊಂದರೆ ಇಲ್ಲ. ಆದರೆ "ಎರಡು ಟೆಂಡನ್ ನಡುವೆ ಚುಚ್ಚು" ಅಂತ ಬಾಯಿಪಾಠ ಮಾಡಿದ ಹುಡುಗ ನಿಮ್ಮ ಕೈ ಹಿಡಿದು ಕಕ್ಕಾಬಿಕ್ಕಿಯಾಗುತ್ತಾನೆ.

ಇದಕ್ಕಿಂತ ಗಂಭೀರವಾದದ್ದು ಹೆಗಲು. ನಮ್ಮ ಊರಲ್ಲಿ ಪವರ್‌ಲೂಮ್ ಕೆಲಸಗಾರರು, ದಿನವಿಡೀ ಕತ್ತು ಬಗ್ಗಿಸಿ ಬೀಡಿ ಕಟ್ಟುವ ಹೆಂಗಸರು ಸಾಕಷ್ಟು ಇದ್ದಾರೆ. ಇಂಥವರು ಬಂದು ಕೈಯಿಟ್ಟು ತೋರಿಸುವ ಜಾಗ ಸಾಮಾನ್ಯವಾಗಿ ಒಂದೇ, ಕತ್ತಿಗೂ ಹೆಗಲ ತುದಿಗೂ ನಡುವೆ. "ಇಲ್ಲೇ ನೋಡ್ರಿ, ಗಟ್ಟಿ ಹಿಡ್ಕೊಂಡದ." ಅಲ್ಲೇ ಇದೆ ಜಿಬಿ 21 ಎಂಬ ಪಾಯಿಂಟ್. ಒತ್ತಿದರೇ ಹಾಯೆನಿಸುವ ಜಾಗ. ಅದರ ಕೆಳಗೆ ಟ್ರಪೀಜಿಯಸ್ ಸ್ನಾಯು, ಅದರ ಕೆಳಗೆ ಶ್ವಾಸಕೋಶದ ತುದಿ. ಶ್ವಾಸಕೋಶ ಎದೆಗೂಡಿನ ಒಳಗೆ ಮಾತ್ರ ಇರುತ್ತದೆ ಅಂತ ತಿಳಿದವರಿಗೆ ಅದು ಕತ್ತಿನ ಬುಡದ ಕಾಲರ್ ಮೂಳೆಗಿಂತ ಮೇಲೆ ಇಣುಕುವುದು ಗೊತ್ತೇ ಇರುವುದಿಲ್ಲ. ಸಣಕಲು ದೇಹದ ಬೀಡಿ ಕಾರ್ಮಿಕಳಿಗೆ ಅಲ್ಲಿ ಮಾಂಸವೇ ಕಮ್ಮಿ. ಬೆನ್ನಿನ ಕೆಲವು ಕಡೆ ಚರ್ಮದಿಂದ 10ರಿಂದ 20 ಮಿಲಿಮೀಟರ್ ಒಳಗೇ ಶ್ವಾಸಕೋಶ ಸಿಗುತ್ತದೆ. ಸಾಮಾನ್ಯವಾಗಿ ಬಳಸುವ ಸೂಜಿಯ ಉದ್ದ 25ರಿಂದ 40 ಮಿಲಿಮೀಟರ್. ಲೆಕ್ಕ ನೀವೇ ಹಾಕಿ.

ತಾಗಿದರೆ ಏನಾಗುತ್ತದೆ? ಗಾಳಿ ಸೋರಿ ಎದೆಗೂಡಿನೊಳಗೆ ತುಂಬುತ್ತದೆ, ಶ್ವಾಸಕೋಶ ಕುಗ್ಗುತ್ತದೆ, ಇದಕ್ಕೆ ನ್ಯುಮೋಥೊರಾಕ್ಸ್ ಅಂತಾರೆ. ಕೆಟ್ಟದ್ದು ಏನಂದರೆ ಇದು ಕ್ಲಿನಿಕ್ಕಿನಲ್ಲೇ ಗೊತ್ತಾಗದಿರಬಹುದು. ಮನೆಗೆ ಹೋಗಿ ಕೆಲವು ಗಂಟೆ ಆದ ಮೇಲೆ ಎದೆ ನೋವು, ಒಣ ಕೆಮ್ಮು, ಉಸಿರು ಸಿಗದ ಹಾಗೆ ಆಗುವುದು. ಅದಕ್ಕೇ ಚೆನ್ನಾಗಿ ಕಲಿಸುವ ಕಡೆ ಜಿಬಿ 21ಕ್ಕೆ ನೇರ ಕೆಳಗೆ ಚುಚ್ಚಲು ಬಿಡುವುದಿಲ್ಲ. ಸ್ನಾಯುವನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿ ಓರೆಯಾಗಿ ಹಾಕಿಸುತ್ತಾರೆ.

ಎದೆಯ ನಡುವಿನ ಪಾಯಿಂಟ್ ಇನ್ನೊಂದು ಉದಾಹರಣೆ. ಎದೆಮೂಳೆ ಮೇಲೆ ಚುಚ್ಚುವುದರಿಂದ ಅಪಾಯವೇನು, ಕೆಳಗೆ ಮೂಳೆ ಇದೆಯಲ್ಲ ಅಂತ ಅನಿಸುತ್ತದೆ. ಆದರೆ ಕೆಲವರ ಎದೆಮೂಳೆಯಲ್ಲಿ ಹುಟ್ಟಿನಿಂದಲೇ ಒಂದು ತೂತು ಇರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಆ ತೂತಿನಿಂದ ಸೂಜಿ ಹೃದಯಕ್ಕೆ ತಾಗಿ ರೋಗಿಯೊಬ್ಬರು ಸತ್ತ ಪ್ರಕರಣ 1995ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಈ ಪಾಯಿಂಟಿಗೆ ಸೂಜಿಯನ್ನು ಚರ್ಮದ ಕೆಳಗೆ ಅಡ್ಡಲಾಗಿ ಮಲಗಿಸಿ ಹಾಕಬೇಕು ಅಂತ ಪಾಠದಲ್ಲಿ ಹೇಳುತ್ತಾರೆ. ಯಾಕೆ ಅಂತ ಗೊತ್ತಿದ್ದವನು ಆ ನಿಯಮವನ್ನು ಆತುರದ ದಿನವೂ ಮುರಿಯುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ಹೆದರಿಕೊಳ್ಳಬೇಡಿ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ದೊಡ್ಡ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅಷ್ಟು ಜನರಲ್ಲಿ ನ್ಯುಮೋಥೊರಾಕ್ಸ್ ಆದದ್ದು ಇಬ್ಬರಿಗೆ. ಶೇ. 8.6 ಜನರಿಗೆ ಏನಾದರೊಂದು ತೊಂದರೆಯಾಯಿತು, ಹೆಚ್ಚಿನವು ಚೂರು ರಕ್ತ, ಕಂದಿದ ಚರ್ಮ, ನೋವು ಇಷ್ಟೇ. ಆದರೆ ಅಲ್ಲಿ ಸೂಜಿ ಹಾಕಿದವರು ಎಂಬಿಬಿಎಸ್‌ಗೆ ಸಮನಾದ ಓದು ಮುಗಿಸಿದ ಡಾಕ್ಟರುಗಳು, ಮೇಲೆ ಅಕ್ಯುಪಂಕ್ಚರ್ ತರಬೇತಿ ಪಡೆದವರು. "ಅಕ್ಯುಪಂಕ್ಚರ್‌ಗೆ ಸೈಡ್ ಎಫೆಕ್ಟೇ ಇಲ್ಲ" ಅಂತ ಬೋರ್ಡ್ ಬರೆಸುವವರು ಈ ಅಂಶವನ್ನು ಮಾತ್ರ ಮರೆಯುತ್ತಾರೆ.

ಫಿಸಿಯಾಲಜಿಗೆ ಬರೋಣ. ಸೂಜಿ ಚುಚ್ಚಿದರೆ ನೋವು ಯಾಕೆ ಕಮ್ಮಿಯಾಗುತ್ತದೆ? ಚೀನೀ ಪಾಠ ಹೇಳುವುದು ಚಿ, ಅಂದರೆ ದೇಹಶಕ್ತಿಯ ಹರಿವಿನ ಮಾತು. ವಿಜ್ಞಾನದ ಪಾಠ ಶುರುವಾಗುವುದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಹೇಳಿದ ಗೇಟ್ ಸಿದ್ಧಾಂತದಿಂದ. ಬೆನ್ನುಹುರಿಯಲ್ಲಿ ನೋವಿನ ಸಂದೇಶ ಬೇರೆ ಸ್ಪರ್ಶದ ಸಂದೇಶಗಳಿಂದ ತಡೆಯಲ್ಪಡುತ್ತದೆ ಅನ್ನುವುದು ಅದರ ಸಾರ. 1975ರಲ್ಲಿ ಮೆದುಳು ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳು ಪತ್ತೆಯಾದವು. ಮರುವರ್ಷ ಕೆನಡಾದ ಪೊಮರಾಂಜ್ ತಂಡ ಇಲಿಗಳ ಮೇಲೆ ಪ್ರಯೋಗ ಮಾಡಿ, ಆ ರಾಸಾಯನಿಕಗಳನ್ನು ತಡೆಯುವ ನಲಾಕ್ಸೋನ್ ಔಷಧ ಕೊಟ್ಟರೆ ಅಕ್ಯುಪಂಕ್ಚರಿನ ನೋವು ಶಮನವೂ ನಿಲ್ಲುತ್ತದೆ ಅಂತ ತೋರಿಸಿತು. ಬೀಜಿಂಗಿನ ಹಾನ್ ಜಿಶೆಂಗ್ ಇನ್ನೂ ಮುಂದೆ ಹೋದರು. ಸೂಜಿಗೆ ಸಣ್ಣ ಕರೆಂಟ್ ಕೊಡುವಾಗ ಸೆಕೆಂಡಿಗೆ 2 ಮಿಡಿತ ಇಟ್ಟರೆ ಒಂದು ಬಗೆಯ ರಾಸಾಯನಿಕ, 100 ಇಟ್ಟರೆ ಇನ್ನೊಂದು ಬಗೆಯದು ಹೊರಬರುತ್ತದೆ ಅಂದರು. ಎಲೆಕ್ಟ್ರೋ ಮಶೀನಿನ ಗುಂಡಿ ಸುಮ್ಮನೆ ತಿರುಗಿಸುವವನಿಗೂ ಇದು ಗೊತ್ತಿದ್ದು ತಿರುಗಿಸುವವನಿಗೂ ವ್ಯತ್ಯಾಸ ಇದೆ.

ಈ ಪಾಠದಲ್ಲೇ ಒಂದು ಕಹಿ ಗುಳಿಗೆಯೂ ಇದೆ, ಅದನ್ನು ನುಂಗಿಸದ ಕೋರ್ಸು ಕೋರ್ಸೇ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. 2007ರಲ್ಲಿ ಜರ್ಮನಿಯವರು ಹಳೆಯ ಸೊಂಟನೋವಿನ 1162 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸರಿಯಾದ ಅಕ್ಯುಪಂಕ್ಚರ್. ಇನ್ನೊಂದಕ್ಕೆ ಸುಳ್ಳು ಅಕ್ಯುಪಂಕ್ಚರ್, ಅಂದರೆ ಪಾಯಿಂಟ್ ಅಲ್ಲದ ಕಡೆ ಆಳಕ್ಕೆ ಹೋಗದೆ ಮೇಲಮೇಲೆ ಚುಚ್ಚುವುದು. ಮೂರನೆಯದಕ್ಕೆ ಮಾಮೂಲಿ ಮಾತ್ರೆ, ವ್ಯಾಯಾಮ. ಆರು ತಿಂಗಳ ನಂತರ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ನೋಡಿ, ಅಕ್ಯುಪಂಕ್ಚರ್ ಪ್ರಿಯರು ಮೊದಲ ಮತ್ತು ಮೂರನೆಯ ಅಂಕಿ ಓದಿ ಕುಣಿಯುತ್ತಾರೆ. ವಿರೋಧಿಗಳು ಮೊದಲೆರಡು ಓದಿ ನಗುತ್ತಾರೆ. ಪಾಯಿಂಟ್ ತಪ್ಪಿದರೂ ಹೆಚ್ಚುಕಮ್ಮಿ ಅಷ್ಟೇ ಗುಣ ಸಿಕ್ಕಿತು ಅಂದರೆ ನಾವು ಬಾಯಿಪಾಠ ಮಾಡಿದ 361 ಪಾಯಿಂಟುಗಳ ಗತಿ ಏನು? ಮುಂದೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ರೋಗಿಗಳ ಮಾಹಿತಿ ಒಟ್ಟು ಹಾಕಿ 2018ರಲ್ಲಿ ಬಂದ ವಿಶ್ಲೇಷಣೆ, ಹಳೆಯ ನೋವುಗಳಲ್ಲಿ ನಿಜವಾದದ್ದು ಸುಳ್ಳಿಗಿಂತ ಸ್ವಲ್ಪ ಮೇಲು, ಆದರೆ ಅಂತರ ಸಣ್ಣದು ಅಂತ ಹೇಳಿತು. ಜಗಳ ಇನ್ನೂ ಮುಗಿದಿಲ್ಲ. ವಿದ್ಯಾರ್ಥಿ ಎರಡೂ ಕಡೆ ಓದಬೇಕು. ಆಗ ಕ್ಯಾನ್ಸರ್ ವಾಸಿ ಮಾಡ್ತೀನಿ, ಶುಗರ್ ಓಡಿಸ್ತೀನಿ ಅನ್ನುವ ಧೈರ್ಯ ತಾನಾಗೇ ಇಳಿಯುತ್ತದೆ.

ಎರಡು ಶಾಸ್ತ್ರ ಒಟ್ಟಿಗೆ ಕಲಿಯುವಾಗ ಬಾಯಿಯ ಮೇಲೆ ಹಿಡಿತ ಬೇಕು. ಚೀನೀ ಲೆಕ್ಕದಲ್ಲಿ "ಕಿಡ್ನಿ ಚಿ ಕಮ್ಮಿ" ಅನ್ನುವುದು ಮಾಮೂಲಿ ಮಾತು. ಅದನ್ನು ಹಾಗೇ ರೋಗಿಗೆ ಹೇಳಿದರೆ ಆತ ಕಿಡ್ನಿ ಫೇಲ್ ಆಯಿತು ಅಂತ ಅಂದುಕೊಂಡು ರಾತ್ರಿಯಿಡೀ ನಿದ್ದೆಗೆಡುತ್ತಾನೆ.

ಇನ್ನು ಪೆಥಾಲಜಿ ಮತ್ತು ರೋಗ ಪತ್ತೆ. ಸೊಂಟ ಹಿಡಿದಿದೆ ಅಂತ ಬಂದ ಹತ್ತು ಜನರಲ್ಲಿ ಒಂಬತ್ತು ಜನರದ್ದು ಮಾಮೂಲಿ ಸ್ನಾಯು ನೋವು ಇರಬಹುದು. ಆ ಹತ್ತನೆಯವರನ್ನು ಗುರುತಿಸೋಕೆ ಪ್ರಶ್ನೆ ಕೇಳಲು ಗೊತ್ತಿರಬೇಕು. ಮೂತ್ರ ಹೋಗೋಕೆ ಕಷ್ಟ ಆಗ್ತಿದೆಯಾ? ಕೂರುವ ಜಾಗದಲ್ಲಿ, ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗ್ತಿದೆಯಾ? ಇದನ್ನು ಕೇಳೋಕೆ ಸಂಕೋಚ, ಹೇಳೋಕೂ ಸಂಕೋಚ. ಹಳ್ಳಿಯಿಂದ ಬಂದ ಅವ್ವನಿಗೆ ಇಪ್ಪತ್ತೆರಡರ ಹುಡುಗ ಕೇಳಿದರೆ "ಅದೆಲ್ಲಾ ಯಾಕ್ ಬೇಕಪ್ಪ ನಿನಗ" ಅಂತಾರೆ. ಆದರೂ ಕೇಳಲೇಬೇಕು. ಯಾಕೆಂದರೆ ಉತ್ತರ ಹೌದು ಅಂತಾದರೆ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿ ಹೋಗಿರುವ ಸಾಧ್ಯತೆ ಇದೆ, ಅದಕ್ಕೆ ಬೇಕಾದದ್ದು ಅದೇ ದಿನ ಎಂಆರ್‌ಐ ಮತ್ತು ಸರ್ಜನ್. ಸೂಜಿ ಹಾಕಿ ನಾಲ್ಕು ದಿನ ನೋಡೋಣ ಅಂದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ರಾತ್ರಿ ಜಾಸ್ತಿಯಾಗುವ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಯುವುದು ಸೇರಿದರೆ ನಮ್ಮ ಕಡೆ ಮೊದಲು ನೆನಪಾಗಬೇಕಾದದ್ದು ಬೆನ್ನುಮೂಳೆಯ ಟಿಬಿ. ಎಡ ಹೆಗಲು ನೋವು, ಜೊತೆಗೆ ಬೆವರು ಅಂದರೆ ಇಸಿಜಿ.

ಶುಗರ್ ಇದ್ದವರ ವಿಷಯ ಬೇರೆ. ಪಾದ ಜೋಮು ಹಿಡಿದಿದೆ ಅಂತ ಬರುತ್ತಾರೆ. ಸ್ಪರ್ಶ ಸತ್ತ ಪಾದಕ್ಕೆ ಸೂಜಿ ಹಾಕಿದರೆ ನೋವು ಗೊತ್ತಾಗುವುದಿಲ್ಲ, ಸೋಂಕಾದರೆ ಬೇಗ ಮಾಯುವುದೂ ಇಲ್ಲ. ಪೇಸ್‌ಮೇಕರ್ ಇದ್ದವರಿಗೆ ಕರೆಂಟಿನ ಮಶೀನ್ ಬೇಡ. ಗರ್ಭಿಣಿಯರಿಗೆ ಮುಟ್ಟಬಾರದ ಪಾಯಿಂಟುಗಳ ಪಟ್ಟಿ ಚೀನೀ ಶಾಸ್ತ್ರದಲ್ಲೇ ಇದೆ.

ತಲೆ ತಿರುಗಿ ಬೀಳುವುದಂತೂ ಪ್ರತಿ ಕ್ಲಿನಿಕ್ಕಿನ ಕಥೆ. ಸೂಜಿ ಕಂಡು ನರಗಳ ಪ್ರತಿಕ್ರಿಯೆಯಿಂದ ಬಿಪಿ, ಹೃದಯ ಬಡಿತ ಎರಡೂ ಇಳಿದು ಕಣ್ಣು ಕತ್ತಲೆ ಬರುತ್ತದೆ. ಖಾಲಿ ಹೊಟ್ಟೆಯಾದರೆ ಇನ್ನೂ ಬೇಗ. ಗುರುವಾರ ಉಪವಾಸ ಇದ್ದು, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನ ಮುಗಿಸಿ, ಏನೂ ತಿನ್ನದೆ ನೇರ ಬಂದು ಕೂರುವವರು ನಮ್ಮ ಕಡೆ ಬೇಕಾದಷ್ಟು. ಊಟ ಆಯ್ತಾ ಅಂತ ಕೇಳುವುದೂ ಫಿಸಿಯಾಲಜಿಯೇ. ಮೊದಲ ಸಲ ಬಂದವರನ್ನು ಮಲಗಿಸಿಯೇ ಸೂಜಿ ಹಾಕಬೇಕು, ತಲೆ ತಿರುಗಿದರೆ ಸೂಜಿ ತೆಗೆದು ಕಾಲು ಮೇಲೆತ್ತಬೇಕು.

ಶುಚಿತ್ವದ ಪಾಠ ಚಿಕ್ಕದು, ಆದರೆ ತಪ್ಪಿದರೆ ದುಬಾರಿ. 1980ರ ದಶಕದಲ್ಲಿ ಅಮೆರಿಕದ ಒಂದೇ ಕ್ಲಿನಿಕ್ಕಿನಿಂದ ಮೂವತ್ತಕ್ಕೂ ಹೆಚ್ಚು ರೋಗಿಗಳಿಗೆ ಹೆಪಟೈಟಿಸ್ ಬಿ ಹರಡಿತ್ತು. ಈಗ ಒಂದು ಸಲ ಬಳಸಿ ಎಸೆಯುವ ಸೂಜಿಯೇ ನಿಯಮ. ಎಸೆಯುವುದು ಕಸದ ಬುಟ್ಟಿಗಲ್ಲ. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಚೂಪಾದ ವಸ್ತುಗಳಿಗೆ ತೂತಾಗದ ಬಿಳಿ ಡಬ್ಬಿ. ಕ್ಲಿನಿಕ್ಕಿಗೆ ಹೋದಾಗ ಮೂಲೆಯಲ್ಲಿ ಆ ಡಬ್ಬಿ ಇದೆಯಾ ಅಂತ ಕಣ್ಣಾಡಿಸಿ.

ಹಾಗಾದರೆ ಎಷ್ಟು ಓದಬೇಕು? ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತರಬೇತಿಗೆ ಮಾರ್ಗಸೂಚಿ ಕೊಟ್ಟಿತು. ಡಾಕ್ಟರ್ ಅಲ್ಲದವರಿಗೆ 2500 ಗಂಟೆಯ ಪೂರ್ತಿ ತರಬೇತಿ. ಆಗಲೇ ಡಾಕ್ಟರ್ ಆದವರು ತಮ್ಮ ಕೆಲಸದ ಜೊತೆ ಸ್ವಲ್ಪ ಬಳಸುವುದಾದರೆ 200 ಗಂಟೆ. ಈ ಅಂತರವೇ ಅಕ್ಕನ ಮಗಳ ಪ್ರಶ್ನೆಗೆ ಅರ್ಧ ಉತ್ತರ. ಡಾಕ್ಟರಿಗೆ ದೇಹದ ಪಾಠ ಆಗಲೇ ಆಗಿರುತ್ತದೆ, ಉಳಿದವರಿಗೆ ಆಗಿರುವುದಿಲ್ಲ. ಅಮೆರಿಕದ ಮಾಸ್ಟರ್ಸ್ ಕೋರ್ಸಿನ ಕನಿಷ್ಠ ಲೆಕ್ಕ ಬಹಳ ಕಾಲ 1905 ಗಂಟೆ ಇತ್ತು, ಅದರಲ್ಲಿ 450 ಗಂಟೆ ಪಾಶ್ಚಾತ್ಯ ವೈದ್ಯವಿಜ್ಞಾನಕ್ಕೇ ಮೀಸಲು.

ನಮ್ಮಲ್ಲಿ 2019ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿತು. ಅದಕ್ಕೂ ಮೊದಲೇ ಪಶ್ಚಿಮ ಬಂಗಾಳ 1996ರಲ್ಲಿ ಕಾಯ್ದೆ ಮಾಡಿತ್ತು. ಮಹಾರಾಷ್ಟ್ರದ್ದು 2015ರ ಕಾಯ್ದೆ, ಅದರ ಅಡಿಯಲ್ಲಿ ಅಕ್ಯುಪಂಕ್ಚರ್ ಕೌನ್ಸಿಲ್ ಇದೆ. ಹಾಗಾಗಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಫೀಸ್ ಕಟ್ಟುವ ಮೊದಲು ಆ ಸರ್ಟಿಫಿಕೇಟ್ ಇಟ್ಟುಕೊಂಡು ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಲು ಆಗುತ್ತದಾ ಅಂತ ನೋಡಿಕೊಳ್ಳಬೇಕು. ಶನಿವಾರ-ಭಾನುವಾರ ಬಂದು ಹೋದರೆ ಸಾಕು, ಸರ್ಟಿಫಿಕೇಟ್ ಗ್ಯಾರಂಟಿ ಅನ್ನುವ ಜಾಹೀರಾತುಗಳಿಗೆ ನಾನು ಕೇಳುವ ಪ್ರಶ್ನೆ ಒಂದೇ: ಅನಾಟಮಿ ಯಾರು ಕಲಿಸ್ತಾರೆ, ಎಷ್ಟು ಗಂಟೆ? ತಡವರಿಸಿದರೆ ಫೋನ್ ಇಟ್ಟುಬಿಡಿ.

ಅಕ್ಕನ ಮಗಳು ಕೊನೆಗೆ ಇನ್ನೊಂದು ಕೇಳಿದಳು. ಇಷ್ಟೆಲ್ಲಾ ಓದಿದ ಮೇಲೆ ಮಾತ್ರೆ ಬರೆದುಕೊಡಬಹುದಾ ಅಂತ. ಇಲ್ಲ. ಫಾರ್ಮಕಾಲಜಿ (ಔಷಧಗಳ ಪಾಠ) ಓದುವುದು ರೋಗಿ ಚೀಲದಿಂದ ಸುರಿಯುವ ಮಾತ್ರೆಪಟ್ಟಿ ಅರ್ಥವಾಗಲಿ ಅಂತ. ಅದರಲ್ಲಿ ವಾರ್ಫರಿನ್ ಕಂಡರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಆಳಕ್ಕೆ ಚುಚ್ಚಬಾರದು. ಬಿಪಿ ಮಾತ್ರೆ ಕಂಡರೆ ಮಲಗಿದವರನ್ನು ತಟ್ಟನೆ ಎಬ್ಬಿಸಬಾರದು. "ಸೂಜಿಯಿಂದ ಹಗುರ ಅನಿಸ್ತದ, ಮಾತ್ರಿ ಬಿಡ್ಲೇನ್ರಿ?" ಅಂತ ರೋಗಿ ಕೇಳಿದರೆ, ಅದನ್ನು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಅಂತ ಹೇಳಿ ಕಳಿಸಬೇಕು.